ಪಿ.ಡಿ. ಮೇಡಂ ಆಗಬೇಕೆನ್ನುವ ಹುಡುಗಿ

ಹೂವಿನಹಡಗಲಿಯಿಂದ ಮಲ್ಲಿಗೆ ಬೆಳೆಗಾರರೊಬ್ಬರು ಪತ್ರ ಬರೆದಿದ್ದಾರೆ. ಮಗಳು ಬಿ.ಎ. ಕೊನೆಯ ವರ್ಷದಲ್ಲಿದ್ದಾಳೆ, ಕಾಲೇಜಿನ ಬಾಸ್ಕೆಟ್‌ಬಾಲ್ ತಂಡದಲ್ಲಿ ಆಡುತ್ತಾಳೆ. ಬಿ.ಇಡಿ. ಮಾಡು ಎಂದರೆ 'ಕೋಚ್ ಆಗ್ತೀನಪ್ಪ' ಎನ್ನುತ್ತಾಳಂತೆ. 'ಅದೂ ಒಂದು ನೌಕರಿಯೇ?' ಎಂಬುದು ತಂದೆಯ ಪ್ರಶ್ನೆ.

ನೌಕರಿಯೇ. ಆದರೆ ನಮ್ಮ ಕಡೆ ಅದರ ಹೆಸರು ಬೇರೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಯಂಥ ಊರುಗಳ ಕಾಲೇಜುಗಳಲ್ಲಿ ಬಾಸ್ಕೆಟ್‌ಬಾಲಿಗೆಂದೇ ತರಬೇತುದಾರರು ಸಿಗುವುದು ಅಪರೂಪ. ಇರುವವರು ದೈಹಿಕ ಶಿಕ್ಷಣ ನಿರ್ದೇಶಕರು, ಹುಡುಗರ ಬಾಯಲ್ಲಿ ಪಿ.ಡಿ. ಸರ್. ಕಬಡ್ಡಿ, ಖೋಖೋ, ಓಟ, ಬಾಸ್ಕೆಟ್‌ಬಾಲ್ ಎಲ್ಲವೂ ಅವರ ಹೆಗಲಿಗೇ. ಅಂಕಣಕ್ಕೆ ಸುಣ್ಣದ ಗೆರೆ ಎಳೆಸುವುದೂ ಸೇರಿ!

ಆ ಹುದ್ದೆಗೆ ಪದವಿಯ ನಂತರ ಎರಡು ವರ್ಷದ ಬಿ.ಪಿ.ಇಡಿ., ಮತ್ತೆರಡು ವರ್ಷದ ಎಂ.ಪಿ.ಇಡಿ., ಆಮೇಲೆ ನೆಟ್ ಅಥವಾ ಕೆ-ಸೆಟ್. ಓಟದ ಪರೀಕ್ಷೆಯೂ ಉಂಟು. ಯುಜಿಸಿಯ 2018ರ ನಿಯಮದಂತೆ 30 ವರ್ಷದೊಳಗಿನ ಮಹಿಳೆಯರು 8 ನಿಮಿಷದಲ್ಲಿ 1000 ಮೀಟರ್ ಕ್ರಮಿಸಬೇಕು. ಕಾಯಂ ಆದರೆ ಉಪನ್ಯಾಸಕರ ಸಮಾನ ಯುಜಿಸಿ ವೇತನ, 57,700 ರೂಪಾಯಿಯ ಮೂಲವೇತನದಿಂದ ಆರಂಭ. ಬರೀ ತರಬೇತಿಯೇ ಬೇಕೆಂದರೆ 1961ರಲ್ಲಿ ಪಟಿಯಾಲದಲ್ಲಿ ಆರಂಭವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾ ಇದೆ. ಎನ್‌ಐಎಸ್ ಕೋಚ್ ಎಂದರೆ ಕ್ರೀಡಾ ವಲಯದಲ್ಲಿ ಬೆಲೆಯಿದೆ.

ಕಹಿಯನ್ನೂ ಹೇಳಿಬಿಡಬೇಕು. ಕಾಯಂ ಹುದ್ದೆಗೆ ಕರೆ ಬರುವುದು ಎಷ್ಟೋ ವರ್ಷಕ್ಕೊಮ್ಮೆ. ಅಲ್ಲಿಯವರೆಗೆ ಅತಿಥಿ ಹುದ್ದೆ, ಖಾಸಗಿ ಶಾಲೆ. ಐದಾರು ವರ್ಷ ಮನೆಯವರು ಒತ್ತಾಸೆಯಾಗಿ ನಿಲ್ಲದಿದ್ದರೆ ಈ ದಾರಿ ಕಷ್ಟ.

ಕಾಯುವಿಕೆ ದೊಡ್ಡವರನ್ನೂ ಬಿಟ್ಟಿಲ್ಲ. ಇಂಗ್ಲಿಷ್ ಮೇಷ್ಟ್ರಾಗಿದ್ದ ಅಮೆರಿಕದ ಜಾನ್ ವುಡನ್ 1948ರಲ್ಲಿ ಲಾಸ್ ಏಂಜಲೀಸ್‌ನ ಯುಸಿಎಲ್ಎ ತಂಡದ ಕೋಚ್ ಆದರು. ಮೊದಲ ರಾಷ್ಟ್ರೀಯ ಪ್ರಶಸ್ತಿ ಬಂದದ್ದು 1964ರಲ್ಲಿ. ಆಮೇಲೆ 1975ರೊಳಗೆ ಒಟ್ಟು ಹತ್ತು! ಹೊಸ ಆಟಗಾರರಿಗೆ ಅವರು ಮೊದಲು ಕಲಿಸುತ್ತಿದ್ದುದು ಕಾಲುಚೀಲ ಸರಿಯಾಗಿ ಹಾಕಿಕೊಳ್ಳುವುದನ್ನು. ಸುಕ್ಕು ಉಳಿದರೆ ಬೊಕ್ಕೆ ಏಳುತ್ತದೆ, ಬೊಕ್ಕೆ ಎದ್ದರೆ ಆಟ ಹೋಯಿತು.

ಇನ್ನೊಂದು ಮಾತು, ಇದು ನನ್ನ ಅನಿಸಿಕೆ. ಪರವೂರಿನ ಪಂದ್ಯಕ್ಕೆ ಹೆಣ್ಣುಮಕ್ಕಳನ್ನು ಕಳಿಸಲು ತಾಯಂದಿರು ಹಿಂಜರಿಯುತ್ತಾರೆ. ಜೊತೆಗೆ ಒಬ್ಬ ಮೇಡಂ ಇದ್ದರೆ ಎಷ್ಟೋ ಮನೆಗಳಲ್ಲಿ ಒಪ್ಪಿಗೆ ಸಿಗುತ್ತದೆ. ಆ ಮೇಡಂ ನಿಮ್ಮ ಮಗಳೇ ಯಾಕಾಗಬಾರದು, ಯಜಮಾನರೇ? ಅಂತರ ಕಾಲೇಜು ಪಂದ್ಯಗಳ ಪ್ರಮಾಣಪತ್ರಗಳನ್ನು ಈಗಲೇ ಒಂದು ಫೈಲಿನಲ್ಲಿ ಜೋಪಾನ ಮಾಡಲು ಹೇಳಿ. ಬಿ.ಪಿ.ಇಡಿ. ಪ್ರವೇಶಕ್ಕೆ ಅವು ಬೇಕಾಗುತ್ತವೆ.