ಪ್ರಮಾಣಪತ್ರವೂ ಪ್ರಮಾಣವೂ

ಕಳೆದ ತಿಂಗಳು ನನ್ನ ಹಳೆಯ ಶಿಷ್ಯರೊಬ್ಬರು ಮನೆಗೆ ಬಂದು, ಗಾಜಿನ ಪೆಟ್ಟಿಗೆಯೊಳಗಿದ್ದ ಒಂದು ಕ್ರಿಕೆಟ್ ಚೆಂಡನ್ನು ನನ್ನ ಮುಂದಿರಿಸಿದರು. ಲೋಕವಿಖ್ಯಾತನಾದ ಆಟಗಾರನೊಬ್ಬನು ಶತಕ ಬಾರಿಸಿದ ದಿನ ಬಳಕೆಯಾದ ಚೆಂಡಂತೆ ಅದು. ಮಗನ ಕಾಲೇಜಿಗೆಂದು ಕೂಡಿಟ್ಟಿದ್ದ ಹಣದ ಬಹುಭಾಗ ಅದಕ್ಕೆ ವ್ಯಯವಾಗಿತ್ತು. “ಇದು ಅದೇ ಚೆಂಡೆಂಬುದಕ್ಕೆ ಪ್ರಮಾಣವೇನಪ್ಪಾ?” ಎಂದೆನು. “ಗುರುಗಳೇ, ಪ್ರಮಾಣಪತ್ರವೇ ಇದೆಯಲ್ಲ!” ಎಂದು ಥಳಥಳಿಸುವ ಮುದ್ರೆಯ ಕಾಗದವೊಂದನ್ನು ತೆಗೆದರು. ಓದಿ ನೋಡಿದೆನು. ಚೆಂಡನ್ನು ಮಾರಿದವನೇ ಆ ಕಾಗದವನ್ನೂ ಬರೆದಿದ್ದನು.

ನಾನು ಕಲಿತದ್ದು ಪಾಠಶಾಲೆಯಲ್ಲಿ. ಆಟದ ಬಯಲಿನ ಮರ್ಮಗಳನ್ನು ವಿವರಿಸುವ ಯೋಗ್ಯತೆ ನನಗಿಲ್ಲ. ಆದರೆ ಇಲ್ಲಿಯ ಪ್ರಶ್ನೆ ಆಟದ್ದಲ್ಲ, ಸಾಕ್ಷ್ಯದ್ದು. ಶಬ್ದವು ಪ್ರಮಾಣವೆನಿಸಬೇಕಾದರೆ ಹೇಳುವವನು ಆಪ್ತನಾಗಿರಬೇಕೆಂದು ನಮ್ಮ ನೈಯಾಯಿಕರು ವಿಧಿಸಿದ್ದಾರಷ್ಟೆ. ಆಪ್ತನೆಂದರೆ ನೆಂಟನಲ್ಲ, ದೊಡ್ಡ ಮನುಷ್ಯನೆಂದೂ ಅರ್ಥವಲ್ಲ. ಹೇಳುವ ವಿಷಯವನ್ನು ತಾನು ಯಥಾರ್ಥವಾಗಿ ಅರಿತವನು, ಅರಿತದ್ದನ್ನು ಅರಿತಂತೆಯೇ ನುಡಿಯುವವನು. ಈ ಎರಡರಲ್ಲಿ ಒಂದು ಕೊರತೆಯಾದರೂ ಅವನ ಮಾತು ಬರಿಯ ಮಾತಾಗಿಯೇ ಉಳಿಯುತ್ತದೆ. ಕ್ರೀಡಾ ಸ್ಮರಣವಸ್ತುಗಳ ವ್ಯಾಪಾರವು ಇಂದು ಕೊಬ್ಬಿರುವುದು ಈ ನಿಯಮವನ್ನು ಮರೆತ ಸಜ್ಜನರ ಹಣದಿಂದ.

ಮೊದಲನೆಯ ಕೊರತೆಗೆ ಒಂದು ನಿದರ್ಶನ. 1968ನೆಯ ಇಸವಿಯ ಆಗಸ್ಟ್ 31ರಂದು ವೇಲ್ಸಿನ ಸ್ವಾನ್ಸಿ ಪಟ್ಟಣದಲ್ಲಿ, ನಾಟಿಂಗ್‌ಹ್ಯಾಮ್‌ಷೈರ್ ತಂಡದ ನಾಯಕ ಗ್ಯಾರಿ ಸೋಬರ್ಸರು ಗ್ಲಾಮಾರ್ಗನ್ ತಂಡದ ಮಾಲ್ಕಂ ನ್ಯಾಶ್ ಎಸೆದ ಒಂದು ಓವರಿನ ಆರು ಎಸೆತಗಳನ್ನೂ ಸಿಕ್ಸರಿಗೆ ಅಟ್ಟಿದರು. ಪ್ರಥಮ ದರ್ಜೆಯ ಕ್ರಿಕೆಟ್ಟಿನಲ್ಲಿ ಅದುವರೆಗೆ ಯಾರೂ ಮಾಡಿರದ ಕಾರ್ಯವದು. ಕೊನೆಯ ಹೊಡೆತಕ್ಕೆ ಚೆಂಡು ಮೈದಾನವನ್ನೇ ದಾಟಿ ಬೀದಿಗೆ ಹಾರಿತು. ಮೂವತ್ತೆಂಟು ವರ್ಷಗಳ ತರುವಾಯ, 2006ರಲ್ಲಿ, ಲಂಡನ್ನಿನ ಕ್ರಿಸ್ಟೀಸ್ ಹರಾಜುಮನೆಯಲ್ಲಿ ಆ ಓವರಿನದೆಂದು ಹೇಳಲಾದ ಚೆಂಡು 26,400 ಪೌಂಡುಗಳಿಗೆ ಬಿಕರಿಯಾಯಿತು. ಅದರ ಜೊತೆಗೆ ಸೋಬರ್ಸರ ಸಹಿಯುಳ್ಳ ಪತ್ರವಿತ್ತು. ಓವರಿನಲ್ಲಿ ಬಳಕೆಯಾದ ಮೂರು ಚೆಂಡುಗಳಲ್ಲಿ ಇದೊಂದು ಎಂಬ ವಿವರಣೆಯೂ ಇತ್ತು.

ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಕೆ ಎಂದು ಯಾರಿಗಾದರೂ ಅನ್ನಿಸೀತು. ಗ್ರಹಾಂ ಲಾಯ್ಡ್ ಎಂಬ ಪತ್ರಕರ್ತರಿಗೆ ಹಾಗೆ ಅನ್ನಿಸಲಿಲ್ಲ. ಆ ಓವರಿನ ಚಲಚ್ಚಿತ್ರ ಸುದೈವದಿಂದ ಉಳಿದಿದೆ. ಅದರಲ್ಲಿ ಕಾಣುವುದು ಒಂದೇ ಚೆಂಡು. ಎಸೆದ ನ್ಯಾಶರೂ ಒಂದೇ ಎಂದರು. ಹರಾಜಾದ ಚೆಂಡಿನ ಮೇಲೆ ಡ್ಯೂಕ್ ಕಂಪನಿಯ ಮುದ್ರೆಯಿತ್ತು. ಗ್ಲಾಮಾರ್ಗನ್ನಿನವರು ಆಗ ಬಳಸುತ್ತಿದ್ದದ್ದು ಸ್ಟುವರ್ಟ್ ಸರಿಜ್ ಕಂಪನಿಯ ಚೆಂಡು. ಲಾಯ್ಡರು ಇದನ್ನೆಲ್ಲ 2013ರಲ್ಲಿ ಪುಸ್ತಕವಾಗಿಯೇ ಪ್ರಕಟಿಸಿದರು.

ಹಾಗಾದರೆ ಸೋಬರ್ಸರು ಸುಳ್ಳಾಡಿದರೆ? ಹಾಗೆನ್ನುವವನು ಅವಿವೇಕಿ. ಚೆಂಡನ್ನು ಹೇಗೆ ಹೊಡೆದೆನೆಂಬ ವಿಷಯದಲ್ಲಿ ಅವರಿಗಿಂತ ಆಪ್ತರಾರು? ಆದರೆ ಬೀದಿಗೆ ಹೋದ ಚೆಂಡು ಮೂವತ್ತೆಂಟು ವರ್ಷ ಯಾರ ಯಾರ ಕೈಯಲ್ಲಿತ್ತೆಂಬುದನ್ನು ದಾಂಡು ಹಿಡಿದು ನಿಂತಿದ್ದವರು ಕಂಡಿರಲು ಹೇಗೆ ಸಾಧ್ಯ? ಪಾಕಶಾಸ್ತ್ರದಲ್ಲಿ ನಿಪುಣನಾದವನನ್ನು ಕರೆದು ಪಾತ್ರೆ ಯಾವ ಅಂಗಡಿಯದೆಂದು ಸಾಕ್ಷಿ ಕೇಳಿದಂತಾಯಿತು. ಮಹಾಪುರುಷರ ಸಹಿ ಅವರ ಹಸ್ತಾಕ್ಷರಕ್ಕೆ ಮಾತ್ರ ಸಾಕ್ಷಿ. ಅದರ ಮೇಲಿರುವ ವಾಕ್ಯಕ್ಕಲ್ಲ.

ಎರಡನೆಯ ಕೊರತೆ, ಎಂದರೆ ಅರಿತೂ ಬೇರೆ ಹೇಳುವುದು. ಇದಕ್ಕೆ ಅಮೆರಿಕೆಯವರು ಧಾರಾಳವಾಗಿ ಉದಾಹರಣೆ ಒದಗಿಸಿದ್ದಾರೆ. 1990ರ ದಶಕದಲ್ಲಿ ಅಲ್ಲಿಯ ಎಫ್.ಬಿ.ಐ. ಪತ್ತೆದಾರರು ಕಳ್ಳ ಸಹಿಗಳ ಒಂದು ದೊಡ್ಡ ಜಾಲವನ್ನೇ ಹಿಡಿದರು. ಸಿಕ್ಕಿದ ಸರಕಿನಲ್ಲಿ ಮದರ್ ತೆರೇಸಾ ಅವರ ಸಹಿಯುಳ್ಳ ಬೇಸ್‌ಬಾಲ್ ಚೆಂಡುಗಳೂ ಇದ್ದುವು! ಕಲ್ಕತ್ತೆಯ ಆ ತಾಯಿ ಬೇಸ್‌ಬಾಲಿಗೆ ಯಾವಾಗ ಬಿಡುವು ಮಾಡಿಕೊಂಡಿದ್ದರೋ. ಹಾನಸ್ ವ್ಯಾಗ್ನರ್ ಎಂಬ ಆಟಗಾರನ ಚಿತ್ರವುಳ್ಳ ಸಿಗರೇಟು ಚೀಟಿಯೊಂದರ ಕಥೆ ಇನ್ನೂ ಸೂಕ್ಷ್ಮವಾದದ್ದು. ಚೀಟಿ ನಿಜವಾದದ್ದೇ, ಶತಮಾನದ ಹಿಂದಿನದೇ. ಅದರ ಅಂಚುಗಳು ಹೊಸದರಂತಿವೆಯೆಂದು ಬೆರಗಾಗಿ ಜನರು ಲಕ್ಷಗಟ್ಟಲೆ ಡಾಲರು ಸುರಿದರು. 2007ರಲ್ಲಿ ಅದರ ಬೆಲೆ 28 ಲಕ್ಷ ಡಾಲರು ಮುಟ್ಟಿತು. ಅದನ್ನು ಹಿಂದೆ ಮಾರಿದ್ದ ಬಿಲ್ ಮಾಸ್ಟ್ರೋ ಎಂಬ ವರ್ತಕನು, ಅಂಚುಗಳನ್ನು ಕತ್ತರಿಸಿದವನು ತಾನೇ ಎಂದು 2013ರಲ್ಲಿ ನ್ಯಾಯಾಲಯದ ಮುಂದೆ ಒಪ್ಪಿಕೊಂಡನು.

ಇಲ್ಲಿ ಪೂರ್ವಪಕ್ಷದ ಮಹನೀಯರು ಆಕ್ಷೇಪಿಸುವುದುಂಟು: “ಭಾವನೆ ಮುಖ್ಯ ಸ್ವಾಮೀ, ನಂಬಿದವನಿಗೆ ಆನಂದವಾದರೆ ನಿಮಗೇನು ನಷ್ಟ?” ಭಾವನೆಯನ್ನು ನಾನು ಹಳಿಯುವವನಲ್ಲ. ಲಂಡನ್ನಿನ ಲಾರ್ಡ್ಸ್ ಮೈದಾನದಲ್ಲಿ ಗೇಣುದ್ದವೂ ಇಲ್ಲದ ಒಂದು ಮಣ್ಣಿನ ಕರಂಡವಿದೆ. 1882ರಲ್ಲಿ ಇಂಗ್ಲೆಂಡು ಆಸ್ಟ್ರೇಲಿಯಾಕ್ಕೆ ಸೋತಾಗ ಪತ್ರಿಕೆಯೊಂದು ಇಂಗ್ಲಿಷ್ ಕ್ರಿಕೆಟ್ಟು ಸತ್ತಿತೆಂದೂ ಅದರ ಬೂದಿಯನ್ನು ಆಸ್ಟ್ರೇಲಿಯಾಕ್ಕೆ ಒಯ್ಯುವರೆಂದೂ ಹಾಸ್ಯ ಮಾಡಿತು. ಮುಂದಿನ ಪ್ರವಾಸದಲ್ಲಿ ನಾಯಕ ಐವೋ ಬ್ಲೈಗೆ ಅಲ್ಲಿಯ ಮಹಿಳೆಯರು ಈ ಕರಂಡವನ್ನಿತ್ತರು. ಒಳಗಿರುವುದು ಬೇಲ್ ಎಂಬ ಮರದ ತುಂಡಿನ ಬೂದಿಯೆಂದು ಪ್ರತೀತಿ. ಬ್ಲೈಯ ಸೊಸೆ 1998ರಲ್ಲಿ, ಅದು ತನ್ನ ಅತ್ತೆಯ ಮುಸುಕಿನ ಬೂದಿಯೆಂದಳು. ಸಂದೇಹವನ್ನು ಯಾರೂ ಬಚ್ಚಿಟ್ಟಿಲ್ಲ, ಕರಂಡವನ್ನು ಮಾರಿಲ್ಲ. ಎರಡು ದೇಶಗಳೂ ಆ ಹೆಸರಿಗಾಗಿ ಆಡುತ್ತಲೇ ಇವೆ. ಇಂಥ ಕಥೆ ಯಾರ ಮನೆಯನ್ನೂ ಮುರಿಯದು.

ಆದರೆ ಕಥೆಯನ್ನೇ ತೂಗಿ ಮಾರುವಾಗ ನಷ್ಟವಾಗುವುದು ಹಣ ಮಾತ್ರವಲ್ಲ. ಸ್ವಾನ್ಸಿಯ ಚೆಂಡನ್ನೇ ನೋಡಿರಿ. ಆಡಿದ್ದು ಒಂದೇ ಚೆಂಡಿನಿಂದ. ಮಾರಿದ ಚೆಂಡಿಗೆ ಎಡೆಮಾಡಿಕೊಡಲು ಓವರಿನೊಳಕ್ಕೆ ಇನ್ನೆರಡು ಚೆಂಡುಗಳು ನುಗ್ಗಬೇಕಾಯಿತು. ವಸ್ತುವು ಚರಿತ್ರೆಗೆ ಸಾಕ್ಷಿಯಾಗುವ ಬದಲು ಚರಿತ್ರೆಯೇ ವಸ್ತುವಿಗೆ ಸುಳ್ಳುಸಾಕ್ಷಿ ನುಡಿಯುವಂತಾಯಿತು. ಚಿತ್ರ ಉಳಿಯದೆ ಹೋಗಿದ್ದರೆ ನಮ್ಮ ಮೊಮ್ಮಕ್ಕಳು ಮೂರು ಚೆಂಡುಗಳೆಂದೇ ಓದುತ್ತಿದ್ದರು.

ಶಿಷ್ಯರಿಗೆ ನಾನು ಇಷ್ಟನ್ನೇ ಹೇಳಿದೆನು: ಆಟ ಮುಗಿದ ಸಂಜೆ ಈ ಚೆಂಡನ್ನು ಎತ್ತಿಕೊಂಡವರು ಯಾರು, ಅಲ್ಲಿಂದ ನಿಮ್ಮವರೆಗೆ ಯಾರ ಯಾರ ಕೈಗೆ ಬಂದಿತು, ಇದರ ಮೇಲಿನ ಕಂಪನಿಯ ಗುರುತು ಆ ದಿನದ ಚೆಂಡಿನದೇ ಹೌದೆ ಎಂದು ಮಾರಿದವನಿಗೆ ಬರೆದು ಕೇಳಿರಿ. ಅವರು ಬರೆದರು. ಹದಿನೈದು ದಿನಗಳ ಮೇಲೆ ಉತ್ತರ ಬಂತು. ಲಕೋಟೆಯಲ್ಲಿದ್ದದ್ದು ಇನ್ನೊಂದು ಪ್ರಮಾಣಪತ್ರ. ಈ ಸಲ ಮುದ್ರೆಗಳು ಎರಡು.