ಸೂಜಿ ಚುಚ್ಚಲಿ, ಔಷಧ ಬಿಡಿಸದಿರಲಿ

ಸೂಜಿ ಚುಚ್ಚುವ ಆಕ್ಯುಪಂಕ್ಚರ್ ಮತ್ತು ಬೆರಳಿನಿಂದ ಒತ್ತುವ ಆಕ್ಯುಪ್ರೆಶರ್ ಬಗ್ಗೆ ನಮ್ಮಲ್ಲಿ ಕೇಳಿಬರುವ ಮಾತುಗಳು ಎರಡೇ: ಎಲ್ಲವೂ ಬೂಟಾಟಿಕೆ, ಇಲ್ಲವೇ ಸಕಲ ರೋಗಕ್ಕೂ ಮದ್ದು. ಪುರಾವೆ ಇವೆರಡನ್ನೂ ಒಪ್ಪುವುದಿಲ್ಲ. ಜರ್ಮನಿಯಲ್ಲಿ ಬಹುಕಾಲದ ಸೊಂಟನೋವಿನಿಂದ ಬಳಲುತ್ತಿದ್ದ 1,162 ಮಂದಿಯ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪರೀಕ್ಷೆಯನ್ನೇ ನೋಡಿ. ಆರು ತಿಂಗಳ ನಂತರ, ಔಷಧ, ವ್ಯಾಯಾಮಗಳ ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಶೇ 27ರಷ್ಟು ಮಂದಿಗೆ ಗುಣ ಕಂಡಿತ್ತು. ಸೂಜಿ ಚಿಕಿತ್ಸೆ ಪಡೆದವರಲ್ಲಿ ಶೇ 47ಕ್ಕೂ ಹೆಚ್ಚು ಮಂದಿಗೆ. ಆದರೆ ಶಾಸ್ತ್ರ ಹೇಳುವ ಬಿಂದುಗಳನ್ನು ಬಿಟ್ಟು ಬೇರೆಡೆ ಮೇಲುಮೇಲೆ ಚುಚ್ಚಿಸಿಕೊಂಡವರಲ್ಲೂ ಶೇ 44ರಷ್ಟು ಮಂದಿ ಚೇತರಿಸಿಕೊಂಡಿದ್ದರು. ನೋವು ತಗ್ಗಿದ್ದು ನಿಜ. ಅದಕ್ಕೆ ‘ಚೀ’ ಎಂಬ ಶಕ್ತಿ ಹರಿಯುವ ಮಾರ್ಗಗಳೇ ಕಾರಣ ಎನ್ನಲು ಮಾತ್ರ ಇಲ್ಲಿ ಆಧಾರವಿಲ್ಲ.

ಹಾಗಾದರೆ ಇದು ಬರೀ ನಂಬಿಕೆಯ ಫಲವಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ದೀರ್ಘಕಾಲದ ನೋವಿಗೆ ಆಕ್ಯುಪಂಕ್ಚರ್ ಬಳಸಿದ 39 ಪರೀಕ್ಷೆಗಳ ಇಪ್ಪತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆಯಲ್ಲಿ, ಹುಸಿ ಚಿಕಿತ್ಸೆಗಿಂತ ನಿಜ ಚಿಕಿತ್ಸೆ ತುಸು ಮೇಲೆಂದೇ ಕಂಡುಬಂತು. ಮಣಿಕಟ್ಟಿನ ಒಳಬದಿಯ ಪಿ6 ಬಿಂದುವನ್ನು ಪ್ರಚೋದಿಸಿದರೆ ಶಸ್ತ್ರಚಿಕಿತ್ಸೆಯ ನಂತರದ ವಾಕರಿಕೆ ಕಡಿಮೆಯಾಗುತ್ತದೆ ಎಂದು ವೈದ್ಯಕೀಯ ಪುರಾವೆಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ ಪರಾಮರ್ಶೆಯೂ ಹೇಳಿದೆ. ಚಿಕಿತ್ಸಾ ಮಾರ್ಗಸೂಚಿಗಳನ್ನು ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ ಸೊಂಟನೋವಿಗೆ ಆಕ್ಯುಪಂಕ್ಚರ್ ಬೇಡವೆಂದಿತು. 2021ರಲ್ಲಿ, ಬೇರೆ ಕಾಯಿಲೆಯಿಂದ ವಿವರಿಸಲಾಗದ ದೀರ್ಘಕಾಲದ ನೋವಿಗೆ ಅದನ್ನು ಪರಿಗಣಿಸಬಹುದೆಂದಿತು. ಲಾಭ ಸಣ್ಣದು, ಕೆಲವು ತೊಂದರೆಗಳಿಗೆ ಸೀಮಿತ ಎಂಬುದನ್ನು ಈ ಎಚ್ಚರಿಕೆಯ ಮಾತುಗಳೇ ತಿಳಿಸುತ್ತವೆ.

ಅಡ್ಡಪರಿಣಾಮವಿಲ್ಲ, ಯಾವ ರೋಗಕ್ಕಾದರೂ ಮಾಡಿಸಿ ನೋಡೋಣ ಎಂಬ ವಾದವೇ ಹೆಚ್ಚು ಅಪಾಯಕಾರಿ. ಎದೆಯ ಭಾಗದಲ್ಲಿ ಆಳಕ್ಕೆ ಇಳಿದ ಸೂಜಿ ಶ್ವಾಸಕೋಶವನ್ನು ತೂತು ಮಾಡಿದ, ಬಳಸಿದ ಸೂಜಿಯಿಂದ ಸೋಂಕು ಹರಡಿದ ಪ್ರಕರಣಗಳು ಅಪರೂಪವಾದರೂ ದಾಖಲಾಗಿವೆ. ಅದಕ್ಕಿಂತ ದೊಡ್ಡ ಹಾನಿ, ಸೂಜಿಯನ್ನು ನಂಬಿ ಇನ್ಸುಲಿನ್ ನಿಲ್ಲಿಸುವುದು, ಗಡ್ಡೆಯ ತಪಾಸಣೆಯನ್ನು ಮುಂದೂಡುವುದು. ಕೇಂದ್ರ ಸರ್ಕಾರ 2019ರಲ್ಲಿ ಆಕ್ಯುಪಂಕ್ಚರ್‌ಗೆ ಸ್ವತಂತ್ರ ಚಿಕಿತ್ಸಾ ಪದ್ಧತಿಯೆಂಬ ಮಾನ್ಯತೆ ಕೊಟ್ಟಿದೆ. ಮಾನ್ಯತೆ ಸಿಕ್ಕಮಾತ್ರಕ್ಕೆ ಪ್ರತಿಯೊಂದು ಜಾಹೀರಾತೂ ಸತ್ಯವಾಗದು. ತರಬೇತಿ, ನೋಂದಣಿ, ಒಮ್ಮೆ ಬಳಸಿ ಎಸೆಯುವ ಸೂಜಿ ಕಡ್ಡಾಯವಾಗಬೇಕು. ಸಕ್ಕರೆ ಕಾಯಿಲೆ, ಕ್ಯಾನ್ಸರ್ ವಾಸಿ ಮಾಡುತ್ತೇವೆಂಬ ಫಲಕಗಳಿಗೆ ದಂಡ ಬೀಳಬೇಕು. ವೈದ್ಯರೂ ರೋಗಿಯನ್ನು ಗದರದೆ, ಬೇರೆ ಯಾವ ಚಿಕಿತ್ಸೆ ಪಡೆಯುತ್ತಿದ್ದೀರಿ ಎಂದು ಕೇಳಿ ಬರೆದುಕೊಳ್ಳಬೇಕು. ಗದರಿಕೆಗೆ ಹೆದರಿ ವಿಷಯ ಮುಚ್ಚಿಡುವ ರೋಗಿ, ಔಷಧ ಬಿಟ್ಟದ್ದನ್ನೂ ಮುಚ್ಚಿಡುತ್ತಾನೆ.