ಸ್ಕ್ರೂ ಜಾರಿದರೆ ಕೈ ತಡೆಯಿರಿ

ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಆತ್ಮೀಯರೇ,

ಔಷಧಿ ಬಿಡುವ ಪಂಪಿನ ನಟ್ಟು ಮೈಲುತುತ್ತಿಗೆ ಹಿಡಿದುಕೊಂಡರೆ ನಾವೇನು ಮಾಡುತ್ತೇವೆ? ಒಂದಿಷ್ಟು ಸೀಮೆಎಣ್ಣೆ ಬಿಟ್ಟು ರಾತ್ರಿ ಹಾಗೇ ಇಡುತ್ತೇವೆ. ಬೆಳಿಗ್ಗೆ ಸ್ಪ್ಯಾನರ್ ಹಾಕಿ ಇದ್ದ ಬಲವನ್ನೆಲ್ಲ ಪ್ರಯೋಗಿಸುತ್ತೇವೆ. ಬಂದರೆ ಬಂತು, ಇಲ್ಲದಿದ್ದರೆ ಸುತ್ತಿಗೆ ಉಂಟು. ತೋಟದ ಈ ಉಪಾಯವನ್ನು ಮಕ್ಕಳ ಲ್ಯಾಪ್‌ಟಾಪಿಗೆ ಮಾಡಬೇಡಿ ಎಂದು ಕೇಳಿಕೊಳ್ಳಲು ಈ ನಾಲ್ಕು ಮಾತು.

ನಾನೂ ಮಾಡಿದವನೇ. ಮಗಳ ಲ್ಯಾಪ್‌ಟಾಪ್ ಕಾದ ಕಾವಲಿಯಂತಾಗಿ, ಫ್ಯಾನು ಬೊಬ್ಬೆ ಹಾಕತೊಡಗಿದಾಗ, ಹೊಲಿಗೆ ಮೆಷಿನಿನ ಸ್ಕ್ರೂಡ್ರೈವರ್ ಹಿಡಿದು ಕುಳಿತೆ. ಮೂರು ಸ್ಕ್ರೂ ಬಂದವು. ನಾಲ್ಕನೆಯದು ಒಮ್ಮೆ ಜಾರಿತು. ಹಟ ಬಂತು, ಇನ್ನೂ ಹತ್ತು ಸಲ ತಿರುಗಿಸಿದೆ. ತಲೆಯ ಮೇಲಿದ್ದ ಪ್ಲಸ್ ಗುರುತು ಅಳಿಸಿ ನುಣ್ಣಗಿನ ಗುಂಡಿಯಾಯಿತು. ಮೊದಲ ಸಲ ಜಾರಿದಾಗಲೇ ಬಿಟ್ಟಿದ್ದರೆ ಅದು ಐದು ನಿಮಿಷದ ಕೆಲಸವಾಗಿತ್ತು.

ಸ್ಕ್ರೂ ಹಿಡಿದುಕೊಳ್ಳುವುದು, ಲ್ಯಾಪ್‌ಟಾಪ್ ಕಾಯುವುದು, ಎರಡೂ ನಮ್ಮ ಕಡೆ ತುಸು ಹೆಚ್ಚೇ. ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಜಿಲ್ಲೆ ನಮ್ಮದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನ ಬಟ್ಟೆಗೇ ಬೂಷ್ಟು ಹಿಡಿಯುವಾಗ ಎರಡೂವರೆ ಮಿಲಿಮೀಟರಿನ ಸ್ಕ್ರೂ ತುಕ್ಕು ಹಿಡಿಯದೇ ಇದ್ದೀತೇ? ಮಳೆ ನಿಂತ ಮೇಲೆ ಅಡಿಕೆ ಸುಲಿಯುವ ಮೆಷಿನಿನ ಧೂಳು, ರಬ್ಬರ್ ಶೀಟು ಒಣಗಿಸುವ ಹೊಗೆಯ ಜಿಡ್ಡು. ಎರಡೂ ಸೇರಿ ಫ್ಯಾನಿನ ಮುಂದಿನ ಲೋಹದ ಜಾಲರಿಗೆ ಕಂಬಳಿಯಂತೆ ಮೆತ್ತಿಕೊಳ್ಳುತ್ತವೆ. ಪ್ರೊಸೆಸರ್ ಚಿಪ್ಪಿನ ಬಿಸಿ ದಾಟಿಸಲು ಅದರ ಮೇಲೆ ಹಚ್ಚಿದ ಪೇಸ್ಟ್ ವರ್ಷಗಳಲ್ಲಿ ಒಣಗುತ್ತದೆ. ಬಿಸಿ ಸುಮಾರು 100 ಡಿಗ್ರಿ ಮುಟ್ಟುವಾಗ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ. ನಾವು 'ಲ್ಯಾಪ್‌ಟಾಪ್ ಹಳತಾಯಿತು' ಎನ್ನುತ್ತೇವೆ.

ಬಿಚ್ಚಲೇಬೇಕೆಂದಿದ್ದರೆ ಕೆಲವು ವಿಷಯ ತಿಳಿದಿರಲಿ. ವಾರಂಟಿ ಇದ್ದರೆ ಮುಟ್ಟಬೇಡಿ. ಇಲ್ಲದಿದ್ದರೆ ಚಾರ್ಜರ್ ತೆಗೆದು, ಹಿಂಬದಿ ಬಿಚ್ಚಿದ ಕೂಡಲೇ ಬ್ಯಾಟರಿಯ ಕನೆಕ್ಟರ್ ಕಳಚಿ. ತುದಿ ಸವೆದ ಸ್ಕ್ರೂಡ್ರೈವರ್ ಬದಿಗಿಟ್ಟು ಪ್ಲಸ್ ತುದಿಯ ಪಿಎಚ್ 0, ಪಿಎಚ್ 00 ಅಳತೆಯವುಗಳಲ್ಲಿ ಅಲುಗಾಡದೆ ಕೂರುವುದನ್ನು ಆರಿಸಿ. ನೆಟ್ಟಗೆ ಹಿಡಿದು, ತಿರುಗಿಸುವುದಕ್ಕಿಂತ ಹೆಚ್ಚು ಬಲವನ್ನು ಕೆಳಕ್ಕೆ ಒತ್ತುವುದಕ್ಕೆ ಕೊಡಿ. ಹಲವು ಸ್ಕ್ರೂಗಳ ಪಿರಿಗೆ ಕಂಪನಿಯವರೇ ಅಂಟು ಹಾಕಿರುತ್ತಾರೆ. ಕೂದಲೆಳೆಯಷ್ಟು ಬಿಗಿ ಮಾಡಿ ಆಮೇಲೆ ಸಡಿಲಿಸಿದರೆ ಎಷ್ಟೋ ಸಲ ಅದು ಬಿಟ್ಟುಕೊಡುತ್ತದೆ.

ಆದರೂ ಜಾರಿತೇ? ಅಗಲದ ರಬ್ಬರ್ ಬ್ಯಾಂಡನ್ನು ತಲೆಯ ಮೇಲಿಟ್ಟು, ಅದರ ಮೇಲಿನಿಂದ ಒತ್ತಿ ನಿಧಾನಕ್ಕೆ ತಿರುಗಿಸಿ ನೋಡಿ. ರಬ್ಬರಿನ ಹಿಡಿತ ಎಂಥದೆಂದು ನಮ್ಮೂರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದಕ್ಕೂ ಬಾರದಿದ್ದರೆ ಅಲ್ಲಿಗೆ ನಿಲ್ಲಿಸಿ. ಸೋಲ್ಡರಿಂಗ್ ಕಬ್ಬಿಣದಿಂದ ಸ್ಕ್ರೂವಿಗೆ ಬಿಸಿ ಮುಟ್ಟಿಸಿ ಅಂಟು ಸಡಿಲಿಸುವುದು ಪಳಗಿದ ಕೈಯ ಕೆಲಸ. ಎಣ್ಣೆ ಬಿಡಬೇಡಿ, ಡ್ರಿಲ್ ಹಾಕಬೇಡಿ. ಲೋಹದ ಪುಡಿ ಒಂದು ಚಿಟಿಕೆ ಬಿದ್ದರೂ ಬೋರ್ಡು ಶಾರ್ಟ್ ಆದೀತು.

ಚಿಪ್ಪಿನ ಬಿಸಿ ಎಳೆದುಕೊಳ್ಳುವ ಲೋಹದ ತಟ್ಟೆಯ, ಅಂದರೆ ಹೀಟ್‌ಸಿಂಕ್‌ನ, ಸ್ಕ್ರೂಗಳ ಪಕ್ಕದಲ್ಲಿ ಸಾಮಾನ್ಯವಾಗಿ 1, 2, 3, 4 ಎಂಬ ಅಂಕಿ ಇರುತ್ತದೆ. ಬಿಗಿಯುವುದು ಆ ಕ್ರಮದಲ್ಲಿ, ಸಡಿಲಿಸುವುದು ಅದರ ತಿರುವುಮುರುವಿನಲ್ಲಿ, ಎರಡೂ ಸ್ವಲ್ಪ ಸ್ವಲ್ಪವಾಗಿ. ಭಾರ ಒಂದೇ ಬದಿಗೆ ಬಿದ್ದರೆ ಚಿಪ್ಪಿನ ಅಂಚು ಸೀಳಬಹುದು. ಇವುಗಳಲ್ಲಿ ಹಲವು ಸ್ಪ್ರಿಂಗ್ ಇರುವಂಥವು, ಸಡಿಲವಾದರೂ ತಟ್ಟೆ ಬಿಟ್ಟು ಹೊರಬರುವುದಿಲ್ಲ. ಅದನ್ನು 'ಸಿಕ್ಕಿಕೊಂಡಿದೆ' ಎಂದು ಇಕ್ಕಳ ಹಾಕಿ ಎಳೆದು ಕೆಡಿಸಿದವರುಂಟು.

ರಿಪೇರಿ ಅಂಗಡಿಯ ಗೆಳೆಯರಲ್ಲೂ ಒಂದು ಕೋರಿಕೆ. ಸ್ಕ್ರೂ ತಲೆ ಹೋದರೆ ಹೋಗಿದೆ ಎಂದು ಗಿರಾಕಿಗೆ ಹೇಳಿಬಿಡಿ. ನಾಲ್ಕರಲ್ಲಿ ಮೂರೇ ಹಾಕಿ ಮುಚ್ಚಬೇಡಿ. ಸುಳ್ಯ, ಪುತ್ತೂರಿನ ಇಂಜಿನಿಯರಿಂಗ್ ಕಾಲೇಜುಗಳವರು ಮಳೆಗಾಲ ಮುಗಿದ ಮೇಲೆ ಒಂದು ಶನಿವಾರ ಮೂರೂ ತಾಲೂಕಿನವರಿಗೆ ಈ ಕೆಲಸ ತೋರಿಸಿಕೊಟ್ಟರೆ ದೊಡ್ಡ ಉಪಕಾರ.

2021ರ ಜೂನಿನಲ್ಲಿ ಸುಳ್ಯದ ಬಳ್ಳಕದಲ್ಲಿ, ಸುರಿಯುವ ಮಳೆಗೆ ಅಪ್ಪ ಕೊಡೆ ಹಿಡಿದು ನಿಂತಿದ್ದು, ಮಗಳು ರಸ್ತೆ ಬದಿಯಲ್ಲಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದ ಚಿತ್ರವನ್ನು ನಾಡೇ ನೋಡಿತು. ಅಷ್ಟು ಪಾಡುಪಟ್ಟು ಓದುವ ಮಕ್ಕಳ ಊರು ಇದು. ಅವರ ಕೈಗೆ ಬಂದ ಲ್ಯಾಪ್‌ಟಾಪ್ ಒಂದು ಸ್ಕ್ರೂವಿನ ದೆಸೆಯಿಂದ ಗುಜರಿಗೆ ಹೋಗಬಾರದು. ಜಾರಿದ ಸ್ಕ್ರೂ ಇದ್ದರೆ ನಾಚಿಕೊಳ್ಳದೆ ಅಂಗಡಿಗೆ ಒಯ್ಯಿರಿ, ಜಾರಿಸಿದ್ದು ನಾನೇ ಎಂದು ಮೊದಲೇ ಹೇಳಿ. ಬಿಚ್ಚುವವನಿಗೆ ಅರ್ಧ ಕೆಲಸ ಅಲ್ಲಿಗೇ ಹಗುರಾಗುತ್ತದೆ.